ಬಸದಿಯ ಊರಿಂದ ಲಂಗರ್‌ವರೆಗೆ

ವೀಕೆಂಡ್‌ಗೆ ಸೋಮವಾರಪೇಟೆ ಕಡೆ ಬಂದವರು ಮಲ್ಲಳ್ಳಿ ಜಲಪಾತ ನೋಡಿ ವಾಪಸ್ ಹೊರಟುಬಿಡ್ತೀರಿ. ಶನಿವಾರಸಂತೆ ಹತ್ತಿರದ ಮುಳ್ಳೂರಿಗೂ ಒಮ್ಮೆ ಹೋಗಿ. ಅಲ್ಲಿರುವ ಜೈನ ಬಸದಿಗಳು 11ನೇ ಶತಮಾನದ ಕೊಂಗಾಳ್ವರ ಕಾಲದವು. ರಾಜಮಾತೆ ಪೋಚಬ್ಬರಸಿಯ ಹೆಸರು ಅಲ್ಲಿನ ಶಾಸನದಲ್ಲಿದೆ.

ಆಫೀಸ್ ಪಾರ್ಟಿಯಲ್ಲಿ ಜೈನ ಗೆಳತಿ ಆಲೂಗಡ್ಡೆ ಮುಟ್ಟದಿದ್ದರೆ ‘ಡಯಟ್ಟಾ?’ ಅಂತ ರೇಗಿಸ್ತೀವಿ. ನಾನೂ ರೇಗಿಸಿದ್ದೇನೆ. ಆದರೆ ಗೆಡ್ಡೆಯೊಂದರಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ, ಕಿತ್ತರೆ ಅವೆಲ್ಲ ಸಾಯುತ್ತವೆ ಎಂಬುದು ಅವರ ನಂಬಿಕೆ. ಕತ್ತಲಾದ ಮೇಲೆ ಉಣ್ಣದಿರುವುದೂ ಕಣ್ಣಿಗೆ ಬೀಳದ ಹುಳುಹುಪ್ಪಟೆ ಸಾಯದಿರಲಿ ಅಂತಲೇ. ಜೈನರಲ್ಲಿ ಲೋಕವನ್ನು ಸೃಷ್ಟಿಸಿದ ದೇವರಿಲ್ಲ. 24 ತೀರ್ಥಂಕರರು ದಾರಿ ತೋರಿದವರು. ಅವರವರ ಕರ್ಮವನ್ನು ಅವರವರೇ ಸವೆಸಬೇಕು.

ಸಿಖ್ಖರ ಊಟದ ರೀತಿ ನೋಡಲು ಪಂಜಾಬಿಗೇ ಹೋಗಬೇಕಿಲ್ಲ, ನಮ್ಮ ಬೀದರ್ ಸಾಕು. ಗುರುನಾನಕರಿಂದ ಸಿಹಿನೀರು ಚಿಮ್ಮಿತೆಂದು ನಂಬುವ ನಾನಕ್ ಝೀರಾ ಇರುವುದು ಅಲ್ಲೇ. 1699ರಲ್ಲಿ ಖಾಲ್ಸಾ ಶುರುವಾದಾಗ ಮುಂದೆ ಬಂದ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಸಿಖ್ಖರಿಗೆ ದೇವರು ಒಬ್ಬನೇ, ಗುರು ಗ್ರಂಥ ಸಾಹಿಬ್ಬೇ ಗುರು. ಲಂಗರ್‌ನಲ್ಲಿ ತಲೆಗೆ ಬಟ್ಟೆ ಕಟ್ಟಿ ಪಂಕ್ತಿಯಲ್ಲಿ ಕೂತರಾಯ್ತು. ಜಾತಿ ಕೇಳೋರಿಲ್ಲ, ದುಡ್ಡು ಕೇಳೋರಿಲ್ಲ. ಬಡಿಸೋದು, ತಟ್ಟೆ ತೊಳೆಯೋದು ಎಲ್ಲ ಸೇವೆ.

ಈ ಸಲದ ಪಾರ್ಟಿಗೆ ಸಂಜೆ ಐದೂವರೆಗೇ ಊಟ ಇಟ್ಟಿದ್ದೀವಿ. ಪಲ್ಯಕ್ಕೆ ಆಲೂ ಬದಲು ಬೀನ್ಸ್.