ಮರದ ಕೆತ್ತನೆ ಕಲಿಯುವವರು ಮೊದಲು ಕೊಳ್ಳಬೇಕಾದ ಉಪಕರಣಗಳು

ಕ್ರಿಸ್ಮಸ್ ಗೋದಲಿಯ ಪ್ರತಿಮೆಗಳನ್ನು ಈಗ ನಾವು ಹೆಚ್ಚಾಗಿ ಅಂಗಡಿಯಿಂದಲೇ ತರುತ್ತೇವೆ. ಆದರೂ ಒಂದು ಕುರಿಮರಿಯನ್ನಾದರೂ ತಮ್ಮ ಕೈಯಿಂದ ಮರದಲ್ಲಿ ಕೆತ್ತಬೇಕೆಂಬ ಆಸೆ ಕೆಲವು ಯುವಜನರಲ್ಲಿದೆ. ಹೀಗೆ ಆರಂಭಿಸಿದವರಲ್ಲಿ ಹಲವರು ಬೇಗನೆ ಕೈಬಿಡುವುದುಂಟು. ಇದಕ್ಕೆ ಪ್ರತಿಭೆಯ ಕೊರತೆಗಿಂತ ಮೊಂಡಾದ ಉಳಿಯೇ ಹೆಚ್ಚಾಗಿ ಕಾರಣ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಕೆಲವು ವಿಷಯ ತಿಳಿದಿರುವುದು ಒಳ್ಳೆಯದು.

ಡಜನ್ ಉಳಿಗಳ ಪೆಟ್ಟಿಗೆ ಬೇಡ

ಕಡಿಮೆ ಬೆಲೆಗೆ ಹನ್ನೆರಡು ಉಳಿಗಳು ಸಿಗುವ ಪೆಟ್ಟಿಗೆ ಕಣ್ಣಿಗೆ ಚೆಂದ. ಆದರೆ ಅಂಥವುಗಳ ಉಕ್ಕು ಸಾಮಾನ್ಯವಾಗಿ ಮೃದು, ಹರಿತ ನಿಲ್ಲುವುದಿಲ್ಲ. ಅದೇ ಹಣಕ್ಕೆ ಒಳ್ಳೆಯ ಉಕ್ಕಿನ ಎರಡು ಮೂರು ಉಪಕರಣ ಕೊಳ್ಳಿರಿ. ಉಳಿದವುಗಳನ್ನು ಕೆಲಸ ಬೇಡಿದಾಗ ಒಂದೊಂದಾಗಿ ಸೇರಿಸಬಹುದು.

ಮೊದಲಿಗೆ ಇಷ್ಟು ಸಾಕು

1. ಕೆತ್ತನೆ ಚಾಕು: ಅಲಗು 3ರಿಂದ 4 ಸೆಂ.ಮೀ. ಇದ್ದರೆ ಸಾಕು. ಹಿಡಿ ಅಂಗೈ ತುಂಬುವಂತಿರಲಿ. ಅಂಗೈಯಗಲದ ಕುರಿಮರಿಯನ್ನು ಇದೊಂದರಿಂದಲೇ ಮುಗಿಸಬಹುದು.

2. ಬಾಯಿ ಬಾಗಿದ ಉಳಿ: ಅಂಗಡಿಯಲ್ಲಿ ಗೌಜ್ ಎಂದು ಕೇಳಿರಿ. ಇದರ ಬಾಗುವಿಕೆಯನ್ನು ಸಂಖ್ಯೆಯಿಂದ ಗುರುತಿಸುತ್ತಾರೆ. 3 ಎಂದರೆ ಬಹುತೇಕ ಚಪ್ಪಟೆ, 9 ಎಂದರೆ ಸುಮಾರು ಅರ್ಧವೃತ್ತ. ಆರಂಭಕ್ಕೆ 3ನೇ ಸಂಖ್ಯೆಯದೊಂದು, 7ನೇ ಸಂಖ್ಯೆಯದೊಂದು, ಸುಮಾರು 10-12 ಮಿ.ಮೀ. ಅಗಲದ್ದು ಸಾಕು.

3. 'ವಿ' ಆಕಾರದ ಉಳಿ: ಬಟ್ಟೆಯ ನೆರಿಗೆ, ಕೂದಲಿನ ಗೆರೆಗಳಿಗೆ 6 ಮಿ.ಮೀ. ಅಗಲದ್ದು. ಇದನ್ನು ಹರಿತ ಮಾಡುವುದು ಕಷ್ಟವಾದ್ದರಿಂದ ಕೊನೆಯಲ್ಲಿ ಕೊಂಡರೂ ಆದೀತು.

4. ಮರದ ಕೊಡತಿ: ಸುಮಾರು ಅರ್ಧ ಕಿಲೋ ತೂಕದ್ದು. ಕಬ್ಬಿಣದ ಸುತ್ತಿಗೆ ಉಳಿಯ ಹಿಡಿಯನ್ನು ಸೀಳುತ್ತದೆ.

ಮನೆಯಲ್ಲಿ ಆಚಾರಿಯವರು ಬಳಸುವ ಉಳಿ ಇದೆಯಲ್ಲ ಎಂದು ಕೇಳಬಹುದು. ಅದರ ಬಾಯಿಗೆ ಒಂದೇ ಬದಿಯಲ್ಲಿ ಇಳಿಜಾರು ಇರುತ್ತದೆ. ಬಾಗಿಲು, ಕಿಟಕಿಯ ಸಂದು ಹೊಂದಿಸಲು ಅದು ಸರಿ. ಕೆತ್ತನೆಯ ಚಪ್ಪಟೆ ಉಳಿಗೆ ಎರಡೂ ಬದಿ ಇಳಿಜಾರು ಇರುವುದರಿಂದ ಕೈ ಸಲೀಸಾಗಿ ತಿರುಗುತ್ತದೆ.

ಸಾಣೆಕಲ್ಲು ಮರೆಯಬೇಡಿ

ಮೂರನೆಯ ಉಳಿಗಿಂತ ಮೊದಲು ಸಾಣೆಕಲ್ಲು ಕೊಳ್ಳಿರಿ. 1000 ಗ್ರಿಟ್‌ನ ಕಲ್ಲೊಂದು, ಅದಕ್ಕಿಂತ ನಯವಾದುದೊಂದು, ಕೊನೆಯಲ್ಲಿ ತಿಕ್ಕಲು ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ. ಹಳೆಯ ಬೆಲ್ಟಿನ ತುಂಡೂ ಆಗುತ್ತದೆ. ಕೆಲಸದ ನಡುವೆ ಆಗಾಗ ನಿಂತು ಚರ್ಮದ ಮೇಲೆ ಅಲಗನ್ನು ಹಿಮ್ಮುಖವಾಗಿ ಎಳೆದರೆ ಹರಿತ ಉಳಿಯುತ್ತದೆ. ವಿದ್ಯುತ್ ಸಾಣೆಯಲ್ಲಿ ಅವಸರ ಮಾಡಬೇಡಿ. ಬಿಸಿಯಾಗಿ ಉಕ್ಕು ನೀಲಿಯಾದರೆ ಅದರ ಗಡಸುತನ ಹೋಯಿತೆಂದೇ ತಿಳಿಯಿರಿ.

ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಉಕ್ಕಿಗೆ ಶತ್ರು. ಕೆಲಸ ಮುಗಿದ ಮೇಲೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಒಣಬಟ್ಟೆಯಲ್ಲಿ ಸುತ್ತಿಡಿ.

ಯಾವ ಮರ?

ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ತೆಗೆಯುವ ಹಾಲೆ ಮರವನ್ನು ಎಲ್ಲರೂ ಬಲ್ಲರು. ಅದರ ಮರ ಹಗುರ ಹಾಗೂ ಮೃದು. ಹಿಂದೆ ಶಾಲೆಯ ಬರೆಯುವ ಹಲಗೆಗಳಿಗೂ ಬಳಕೆಯಾಗುತ್ತಿತ್ತು. ಶಿವನಿ ಮರವೂ ಕಲಿಯುವವರಿಗೆ ಒಳ್ಳೆಯದು. ಕೈ ಪಳಗಿದ ಮೇಲೆ ಹಲಸು. ಸಾಗುವಾನಿ ಉಳಿಯನ್ನು ಬೇಗ ಮೊಂಡಾಗಿಸುತ್ತದೆ. ಯಾವುದೇ ಆಗಲಿ, ಚೆನ್ನಾಗಿ ಒಣಗಿರಬೇಕು; ಹಸಿಮರ ಕೆತ್ತಿದ ಮೇಲೆ ಬಿರಿಯುತ್ತದೆ.

ಎಚ್ಚರಿಕೆ

ಮೊಂಡಾದ ಉಳಿಯೇ ಹೆಚ್ಚು ಅಪಾಯಕಾರಿ. ಅದನ್ನು ಬಲವಾಗಿ ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಉಳಿ ಬಳಸುವಾಗ ಮರವನ್ನು ಕ್ಲಾಂಪಿನಿಂದ ಮೇಜಿಗೆ ಬಿಗಿಯಿರಿ. ಎರಡೂ ಕೈಗಳು ಅಲಗಿನ ಹಿಂದೆಯೇ ಇರಲಿ. ಚಾಕು ಹಿಡಿದಾಗ ಎಡಗೈಗೆ ಕೊಯ್ತ ತಡೆಯುವ ಕೈಗವಸು ಹಾಕಿರಿ. ಆದರೆ ಅದು ಚೂಪು ಮೊನೆಯ ಇರಿತವನ್ನು ತಡೆಯದು.

ಇನ್ನೊಂದು ಮಾತು ಚರ್ಚಿನ ಕೆಲಸಗಳನ್ನು ನೋಡಿಕೊಳ್ಳುವವರಿಗೆ. ಕೆತ್ತಲು ಕಲಿಯುತ್ತಿರುವ ಉತ್ಸಾಹಿಗಳ ಕೈಗೆ ಹಳೆಯ ಪ್ರತಿಮೆಯನ್ನೋ ಪೀಠದ ಮುರಿದ ಕೆತ್ತನೆಯನ್ನೋ ದುರಸ್ತಿಗೆ ಕೊಡಬೇಡಿ. ಕೆತ್ತಿ ತೆಗೆದ ಮರ ಮತ್ತೆ ಸೇರದು. ಹಳೆಯ ಬಣ್ಣ ಒಮ್ಮೆ ಹೋದರೆ ಹೋಯಿತು. ಆ ಕೆಲಸ ಅನುಭವಿ ತಜ್ಞರಿಗೇ ಇರಲಿ. ಕಲಿಯುವವರಿಗೆ ಹೊಸ ಮರದ ತುಂಡು ಕೊಡಿ.

ಕ್ರಮವಾಗಿ ಕಲಿಯಲು ಬಯಸುವವರಿಗೆ ಕಾರ್ಕಳದ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ನಮ್ಮ ಹತ್ತಿರದಲ್ಲೇ ಇದೆ. ಮನೆಯಲ್ಲೇ ಆರಂಭಿಸುವುದಾದರೆ ಒಂದು ಚಾಕು, ಒಂದು ಸಾಣೆಕಲ್ಲು, ಒಂದು ಹಾಲೆ ಮರದ ತುಂಡು ಸಾಕು. ಮೊದಲ ಕುರಿಮರಿಯ ಕಾಲು ಸೊಟ್ಟಗಾದರೂ ಚಿಂತೆಯಿಲ್ಲ; ನಿಮ್ಮ ಮನೆಯ ಗೋದಲಿಯಲ್ಲಿ ಅದಕ್ಕೂ ಒಂದು ಜಾಗವಿರಲಿ.