ಕಟ್ಟುವ ನಡುವೆ ಕರೆಂಟ್ ಹೋದರೆ?

ಪ್ರಶ್ನೆ: ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡುವಾಗ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕೇ?
– ಓದುಗರೊಬ್ಬರು, ನಾಯಂಡಹಳ್ಳಿ

ಬೇಕಿಲ್ಲ. ಇದಕ್ಕಾಗಿ ನೆನೆಯಬೇಕಾದವರು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಪೈಲ್ ಕೆಲಸ ನಡೆಸುವ ‘ಮೇಕ್’ ತಂತ್ರಾಂಶ ಬರೆದ ಸ್ಟುವರ್ಟ್ ಫೆಲ್ಡ್‌ಮನ್. ಲಿಬ್ರೆ ಆಫೀಸ್ ಎಂದರೆ ಸಾವಿರಾರು ಸಿ ಪ್ಲಸ್ ಪ್ಲಸ್ ಕಡತಗಳ ರಾಶಿ. ಒಂದೊಂದೂ ಕಂಪೈಲ್ ಆದಂತೆ ಅದರ ಆಬ್ಜೆಕ್ಟ್ ಕಡತ ಡಿಸ್ಕಿಗೆ ಬೀಳುತ್ತದೆ. ಮೇಕ್ ಎರಡರ ಸಮಯವನ್ನೂ ಹೋಲಿಸಿ, ಮುಗಿದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಕೈಗೆತ್ತಿಕೊಳ್ಳುತ್ತದೆ. ಎಷ್ಟು ಸರಳ, ಎಷ್ಟು ಚೆಂದದ ಉಪಾಯ!

ಒಂದು ಎಚ್ಚರಿಕೆ ಮಾತ್ರ ಬೇಕು. ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಸೊನ್ನೆ ಬೈಟಿನದಾಗಿ ಉಳಿದಿರಬಹುದು. ಅದರ ಸಮಯ ಹೊಸದಾದ್ದರಿಂದ ಮೇಕ್ ಅದನ್ನು ಮುಗಿದದ್ದೆಂದೇ ನಂಬುತ್ತದೆ. ಕೊನೆಗೆ ಲಿಂಕ್ ಮಾಡುವಾಗ ದೋಷ ಎದುರಾಗುತ್ತದೆ. ಅಂಥ ಖಾಲಿ ಕಡತಗಳನ್ನು ಹುಡುಕಿ ಅಳಿಸಿದರೆ ಸಾಕು.

ಕರೆಂಟಿಗಿಂತ ಹೆಚ್ಚು ಕಾಡುವುದು ರ‍್ಯಾಮ್. ಏಕಕಾಲದ ಕೆಲಸಗಳು ಹೆಚ್ಚಾಗಿ ಮೆಮೊರಿ ತುಂಬಿದರೆ ಕರ್ನಲ್ಲೇ ಕಂಪೈಲರನ್ನು ಕೊಂದುಬಿಡುತ್ತದೆ. ಎಂಟು ಕೋರ್ ಇದ್ದರೂ 8 ಜಿಬಿ ಯಂತ್ರದಲ್ಲಿ ನಾಲ್ಕೇ ಕೆಲಸ ಹಚ್ಚುವುದು ಕ್ಷೇಮ.

ಇಷ್ಟು ಶ್ರಮಪಡುವವರು ಆರಂಭದಲ್ಲೇ ಭಾಷೆಯ ಆಯ್ಕೆಯಲ್ಲಿ ‘ಕೆಎನ್’ ಕೊಡಲಿ: ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ಜೊತೆಗೆ, ಕಂಪೈಲ್ ಆದದ್ದನ್ನು ಕೂಡಿಡುವ ‘ಸಿಕ್ಯಾಶ್’ ತಂತ್ರಾಂಶ ಹಾಕಿಕೊಂಡಿದ್ದರೆ ಎಲ್ಲ ಅಳಿಸಿ ಮತ್ತೆ ಕಟ್ಟುವಾಗಲೂ ಹಳೆಯ ಫಲಿತಾಂಶಗಳೇ ಒದಗಿ ಬಹಳಷ್ಟು ಹೊತ್ತು ಉಳಿಯುತ್ತದೆ.