ಚೆಟ್‌ಪೆಟ್‌ನ ಸೂಜಿ ಮತ್ತು ಕಿವಿಯ ಲೆಕ್ಕ

ಮದ್ರಾಸಿನ ಚೆಟ್‌ಪೆಟ್, 1956. ಕ್ಷಯರೋಗಿಗಳನ್ನು ಮನೆಯಲ್ಲೇ ಇರಿಸಿ ಗುಣಪಡಿಸಬಹುದೇ ಎಂದು ಪರೀಕ್ಷಿಸಲು ಅಲ್ಲೊಂದು ಕೇಂದ್ರ ಶುರುವಾಯಿತು. ಇಂದಿನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಅದೇ.

1964ರಲ್ಲಿ ಅಲ್ಲಿಂದ ಬಂದ ವರದಿ ಜಗತ್ತಿನ ವೈದ್ಯರ ಗಮನ ಸೆಳೆಯಿತು. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಜೊತೆ ಐಸೊನಿಯಾಜಿಡ್ ಮಾತ್ರೆ, ಸಿಬ್ಬಂದಿಯ ಕಣ್ಣೆದುರೇ, ವಾರಕ್ಕೆರಡೇ ಬಾರಿ. ದಿನಾ ಮಾತ್ರೆ ನುಂಗುವುದಕ್ಕಿಂತ ಇದರ ಫಲವೇನೂ ಕಡಿಮೆಯಿರಲಿಲ್ಲ.

ಆದರೆ ಸ್ಟ್ರೆಪ್ಟೊಮೈಸಿನ್‌ಗೊಂದು ಕೆಟ್ಟ ಗುಣವಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಅದು ಕೊಲ್ಲಬಲ್ಲದು; ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ತಲೆಸುತ್ತು, ಕತ್ತಲಲ್ಲಿ ನಡೆದರೆ ಜೋಲಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಕೆಲವರಿಗೆ ಶಾಶ್ವತ ಕಿವುಡು. ಮೂತ್ರಪಿಂಡ ದುರ್ಬಲವಾಗಿದ್ದರೆ ಔಷಧಿ ಬೇಗ ಹೊರಹೋಗದೆ ರಕ್ತದಲ್ಲೇ ಉಳಿಯುತ್ತದೆ, ಅಪಾಯ ಹೆಚ್ಚುತ್ತದೆ. ಗರ್ಭಿಣಿಗೆ ಕೊಟ್ಟರೆ ಹೊಟ್ಟೆಯೊಳಗಿನ ಮಗುವಿನ ಕಿವಿಗೂ ಪೆಟ್ಟು ಬೀಳಬಹುದು.

ಅದಕ್ಕೇ ವಯಸ್ಸು, ತೂಕ ನೋಡಿ ಡೋಸು. ಶುರುವಿಗೆ ಮೊದಲೇ ರಕ್ತಪರೀಕ್ಷೆ, ಶ್ರವಣಪರೀಕ್ಷೆ.

ಕ್ಷಯಕ್ಕೆ ಈಗ ಬಹುತೇಕ ಮಾತ್ರೆಗಳೇ ಸಾಕು. ಆದರೆ ಸ್ಟ್ರೆಪ್ಟೊಮೈಸಿನ್ ಕುಲದ್ದೇ ಆದ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳು ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಅವುಗಳನ್ನು ಹಾಕಿಸಿಕೊಳ್ಳುವಾಗ ಕಿವಿ ಗುಂಯ್ ಎಂದರೆ, ನಡಿಗೆ ತೂರಾಡಿದರೆ, ಮೂತ್ರ ಕಡಿಮೆಯಾದರೆ, ಮುಂದಿನ ಸೂಜಿಗೆ ಮೊದಲೇ ಡಾಕ್ಟರಿಗೆ ತಿಳಿಸಿ.